ಗೋಡೆಯ ಮೇಲಿನ ಹಿರಿಯರು: ಮುಖ ಉಳಿದರೆ ಸಾಲದು, ಹೆಸರೂ ಉಳಿಯಬೇಕು

ಬೆಂಗಳೂರು: ಸರ್ವಜ್ಞನಗರ ವಿಧಾನಸಭಾ ಕ್ಷೇತ್ರದ ಕುಕ್ ಟೌನ್, ಲಿಂಗರಾಜಪುರ, ಬಾಣಸವಾಡಿ ಭಾಗಗಳಲ್ಲಿ ಹಳೆಯ ಮನೆಗಳಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು ತಲೆ ಎತ್ತುತ್ತಿವೆ. ಮನೆ ಖಾಲಿ ಮಾಡುವಾಗ ಮಂಚ, ಬೀರುಗಳಿಗೆ ಹೇಗೋ ಸ್ಥಳ ದೊರೆಯುತ್ತದೆ. ನಡುಮನೆಯ ಗೋಡೆಯಲ್ಲಿದ್ದ ಮುತ್ತಜ್ಜ, ಮುತ್ತಜ್ಜಿಯರ ಭಾವಚಿತ್ರ ಮಾತ್ರ ಎಷ್ಟೋ ವೇಳೆ ಗುಜರಿ ಸೇರುತ್ತದೆ. ಅಲ್ಲಿಂದ ಯಾರದೋ ಹೋಟೆಲಿನ ಗೋಡೆಗೆ ಅಲಂಕಾರವಾಗುವುದೂ ಉಂಟು. ಹಳೆಯ ಚಿತ್ರಕ್ಕೆ ಮೆಚ್ಚುಗೆ ಸಿಗುತ್ತದೆ. ಆದರೆ ಅದರಲ್ಲಿರುವವರು ಯಾರೆಂಬುದು ಮರೆತುಹೋಗುತ್ತದೆ.

ತಯಾರಾಗುತ್ತಿದ್ದುದು ಹೇಗೆ?

ಇಂತಹ ಚಿತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಬಣ್ಣ ಹಚ್ಚಿದ ಛಾಯಾಚಿತ್ರ. ಕಪ್ಪು ಬಿಳುಪು ಪ್ರತಿಯ ಮೇಲೆ ಹತ್ತಿಯಿಂದ ತೆಳುವಾದ ತೈಲವರ್ಣವನ್ನು ಉಜ್ಜಿ, ತುಟಿ, ಒಡವೆ, ಸೀರೆಯ ಅಂಚುಗಳನ್ನು ಸಣ್ಣ ಕುಂಚದಿಂದ ತಿದ್ದಲಾಗುತ್ತಿತ್ತು. ಬಣ್ಣ ಪಾರದರ್ಶಕವಾದ್ದರಿಂದ ಕೆಳಗಿನ ನೆರಳು ಬೆಳಕು ಹಾಗೆಯೇ ಕಾಣುತ್ತಿತ್ತು. ಎರಡನೆಯದು ಪೂರ್ಣವಾಗಿ ಕೈಯಿಂದ ಬರೆದದ್ದು. ಚಿಕ್ಕ ಫೋಟೋದ ಮೇಲೆ ಚೌಕಗಳನ್ನು ಎಳೆದು, ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಕ್ಯಾನ್ವಾಸಿನಲ್ಲಿ ಹಾಕಿ, ಒಂದೊಂದು ಚೌಕದ ಗೆರೆಯನ್ನೂ ಹಿಗ್ಗಿಸಿ ನಕಲಿಸುತ್ತಿದ್ದರು. ಫೋಟೋದಲ್ಲಿಲ್ಲದ ಕೋಟು, ಪೇಟ, ಕುರ್ಚಿಗಳನ್ನೂ ಕಲಾವಿದ ಸೇರಿಸಬಹುದಿತ್ತು. ಹೀಗಾಗಿ ಆ ಕಾಲದವರು ತಾವು ಹೇಗೆ ಕಾಣಬೇಕೆಂದು ಬಯಸಿದ್ದರು ಎಂಬುದೂ ಈ ಚಿತ್ರಗಳಲ್ಲಿ ದಾಖಲಾಗಿದೆ. ಅವುಗಳ ಆಕರ್ಷಣೆಗೆ ಇದೂ ಒಂದು ಕಾರಣ.

ರಾಣಿಯರು ನರ್ತಕಿಯರಾದಾಗ

ಹೆಸರು ಅಳಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಉದಾಹರಣೆಯೇ ಇದೆ. ಐರಿಷ್ ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಮೂವರು ಮಹಿಳೆಯರ ತೈಲಚಿತ್ರ ಬರೆದ. ಕಾಲಾಂತರದಲ್ಲಿ ಅವರು ನರ್ತಕಿಯರೆಂಬ ಭಾವನೆ ಬೆಳೆಯಿತು. ಇತಿಹಾಸಕಾರ ನೈಜೆಲ್ ಚಾನ್ಸಲರ್ 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೆಯೇ ವಾದ ಮಂಡಿಸಿದರು. ಅವರ ಪ್ರಕಾರ ಇವರು ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯ ಸ್ತ್ರೀಯರು. ಕಿರಿಯ ರಾಣಿ ದೇವಾಜಮ್ಮಣ್ಣಿ ಎಡತೋಳನ್ನು ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ಸೂಚಿಸಲು. ಆ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ; ಜನರಲ್ಲಿ ಅಳುಕು ಇನ್ನೂ ಹೋಗಿರಲಿಲ್ಲ. ಅರಮನೆಯವರೇ ಹಾಕಿಸಿಕೊಂಡಿದ್ದಾರೆ ಎಂದು ಸಾರಿ ಜನರಿಗೆ ಧೈರ್ಯ ತುಂಬುವ ಚಿತ್ರ ಅದಾಗಿತ್ತು. ರಾಜಮನೆತನದ ಚಿತ್ರಕ್ಕೇ ಈ ಗತಿಯಾದರೆ ಸಾಮಾನ್ಯರ ಮನೆಯ ಚಿತ್ರದ ಪಾಡೇನು?

ಕಾಪಾಡುವ ಬಗೆ

* ಬಿಸಿಲು ಬೀಳುವ ಅಥವಾ ತೇವವಿರುವ ಗೋಡೆಗೆ ತೂಗುಹಾಕಬಾರದು.
* ಹಸಿ ಹೂವಿನ ಹಾರ, ಕುಂಕುಮ, ಗಂಧದ ತೇವ ಚೌಕಟ್ಟಿನ ಸಂದಿಗೆ ಇಳಿಯದಂತೆ ನೋಡಿಕೊಳ್ಳಬೇಕು.
* ಚಿತ್ರದ ಮೇಲ್ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ಗಾಜಿಗೆ ಅಂಟಿಕೊಂಡಿದ್ದರೆ ಎಳೆದು ಬಿಡಿಸುವ ಸಾಹಸ ಬೇಡ. ತಜ್ಞರಿಗೆ ತೋರಿಸುವುದು ಲೇಸು.
* ಹಿಂಬದಿಯ ರಟ್ಟನ್ನು ಬದಲಿಸುವ ಮುನ್ನ ಅದರ ಮೇಲೆ ಸ್ಟುಡಿಯೋ ಮುದ್ರೆ ಅಥವಾ ದಿನಾಂಕ ಇದೆಯೇ ಎಂದು ನೋಡಿ, ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಬೇಕು.
* ಮನೆಯ ಹಿರಿಯರನ್ನು ಕೇಳಿ ಹೆಸರು, ಊರು, ಸಂಬಂಧಗಳನ್ನು ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡಬೇಕು.

ಕೊನೆಯ ಕೆಲಸಕ್ಕೆ ಖರ್ಚಿಲ್ಲ. ಆದರೆ ಗುರುತಿಸಬಲ್ಲ ಹಿರಿಯರು ಇರುವಾಗಲೇ ಅದು ಆಗಬೇಕು.

ಕೈಯಿಂದ ಬರೆದ ಮುಖದ ಆಸೆ ಇಂದಿಗೂ ಅಳಿದಿಲ್ಲ. ಪ್ರತಿ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ, ಮೊಬೈಲ್ ಕೈಯಲ್ಲಿರುವವರೇ ಕಲಾವಿದರ ಮುಂದೆ ಅಲುಗಾಡದೆ ಕುಳಿತು ತಮ್ಮ ಮುಖ ಬರೆಸಿಕೊಳ್ಳುತ್ತಾರೆ. 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಆರಂಭವಾದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ ಹಳೆಯ ಛಾಯಾಚಿತ್ರಗಳನ್ನೂ ಸಂಗ್ರಹಿಸಿದೆ.

ಈ ಕ್ಷೇತ್ರಕ್ಕೆ ಹೆಸರು ಕೊಟ್ಟ ಸರ್ವಜ್ಞ ಹೇಗಿದ್ದನೆಂದು ತೋರಿಸುವ ಅವನ ಕಾಲದ ಚಿತ್ರ ನಮ್ಮಲ್ಲಿಲ್ಲ. ನಾವು ಕಾಣುವ ಪ್ರತಿಮೆಗಳೆಲ್ಲ ಕಲ್ಪನೆಯವು. ಆದರೂ ತ್ರಿಪದಿಗಳಿಂದ ಅವನ ಹೆಸರು ಉಳಿದಿದೆ. ನಮ್ಮ ಮನೆಯ ಹಿರಿಯರಿಗೆ ಅಂತಹ ಆಸರೆ ಇಲ್ಲ. ಅವರ ಹೆಸರನ್ನು ಮನೆಯವರೇ ಬರೆದಿಡಬೇಕು.