ಹೆಣಿಗೆಯ ಪುಸ್ತಕ ಕೊಳ್ಳುವ ಮುನ್ನ

ದಿಲ್ಲಿಗೆ ಬಂದ ಕನ್ನಡದ ಗೃಹಿಣಿಗೆ ಮೊದಲ ಚಳಿಗಾಲ ಕಲಿಸುವ ಪಾಠಗಳಲ್ಲಿ ಉಲ್ಲನ್ ಹೆಣಿಗೆಯೂ ಒಂದು. ಧಾರವಾಡದ ಕಡೆಯವರು ಕಸೂತಿ ಬಲ್ಲವರು. ಆದರೆ ಮನೆಮಂದಿಗೆಲ್ಲ ಸ್ವೆಟರ್ ಹೆಣೆಯುವ ಅಗತ್ಯ ನಮಗೆ ತವರಿನಲ್ಲಿ ಎಲ್ಲಿ ಬಿದ್ದಿತ್ತು? ಮಡಿಕೇರಿಯ ಸೋದರಿಯರು ಈ ಮಾತಿಗೆ ಕ್ಷಮಿಸಬೇಕು.

ನಾನು ಕಲಿತದ್ದು 1984ರಲ್ಲಿ, ಪಕ್ಕದ ಮನೆಯ ಪಂಜಾಬಿ ಅಜ್ಜಿಯಿಂದ. ಓಣಿಯವರೆಲ್ಲ ಆಕೆಯನ್ನು ಬೀಜಿ ಎನ್ನುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ಚಾರ್ಪಾಯಿ ಎಳೆದು ಕುಳಿತರೆಂದರೆ ಕಣ್ಣು ಬೀದಿಯ ಮೇಲೆ, ಬೆರಳು ಕಡ್ಡಿಯ ಮೇಲೆ. ಸಲಾಯಿ, ಫಂದಾ, ಸೀಧಾ, ಉಲ್ಟಾ: ಅವರ ಪಾಠವೆಲ್ಲ ಈ ನಾಲ್ಕು ಮಾತಿನಲ್ಲಿ ಮುಗಿಯಿತು. ನನ್ನ ಕುಣಿಕೆ ಜಾರಿದರೆ "ಲಾ ಬೇಟಿ" ಎಂದು ಕೈಯಿಂದ ಕಸಿದುಕೊಂಡು, ಸರಿಮಾಡಿ ಹಿಂದಿರುಗಿಸುವರು. ಎರಡು ವರ್ಷದ ಮೇಲೆ ಅವರು ಮಗನ ಮನೆಗೆಂದು ಲುಧಿಯಾನಕ್ಕೆ ಹೊರಟುಹೋದರು. ನನ್ನ ಕೈಯಲ್ಲಿ ಅರ್ಧ ಮುಗಿದ ಸ್ವೆಟರು; ಕುತ್ತಿಗೆ ಇಳಿಸುವ ಬಗೆಯನ್ನು ಕೇಳಿಟ್ಟುಕೊಂಡೇ ಇರಲಿಲ್ಲ. ಮನೆಯಲ್ಲೊಂದು ಪುಸ್ತಕ ಬೇಕೆಂದು ತಿಳಿದದ್ದು ಅಂದು.

ಆಗ ದರಿಯಾಗಂಜಿನ ಕಾಲುದಾರಿಯಲ್ಲಿ ಭಾನುವಾರದ ಹಳೆಯ ಪುಸ್ತಕಗಳ ಸಂತೆ ನಡೆಯುತ್ತಿತ್ತು. (2019ರಲ್ಲಿ ಅದು ಮಹಿಳಾ ಹಾಟ್‌ಗೆ ಹೋಯಿತು.) ಅಲ್ಲಿ ಬಣ್ಣದ ಚಿತ್ರಗಳಿಗೆ ಮರುಳಾಗಿ ಒಂದು ಅಮೆರಿಕದ ಪುಸ್ತಕ ಕೊಂಡೆ. ಎಂಟನೆಯ ನಂಬರಿನ ಕಡ್ಡಿ, 144 ಕುಣಿಕೆ, 32 ಅಂಗುಲದ ಸುತ್ತಳತೆ ಎಂದು ಅದರಲ್ಲಿತ್ತು. ಮನೆಯ ಎಂಟನೆಯ ನಂಬರಿನ ಕಡ್ಡಿಯಲ್ಲಿ ಒಂದೂವರೆ ತಿಂಗಳು ಹೆಣೆದೆ. ಹಿರಿಯ ಮಗನಿಗೆಂದು ಮಾಡಿದ್ದು ಅವನ ತಲೆಯಿಂದ ಕೆಳಗಿಳಿಯಲಿಲ್ಲ. ಅಳೆದು ನೋಡಿದರೆ 26 ಅಂಗುಲ!

ತಪ್ಪು ಅಂಕಿಯದು. ನಮ್ಮ ಅಂಗಡಿಯ ಕಡ್ಡಿಗಳಿಗೆ ಬಂದದ್ದು ಬ್ರಿಟಿಷರ ಎಣಿಕೆ. ಅದರಲ್ಲಿ ಅಂಕಿ ಏರಿದಷ್ಟೂ ಕಡ್ಡಿ ತೆಳ್ಳಗೆ. ಅಮೆರಿಕದಲ್ಲಿ ಅಂಕಿ ಏರಿದಷ್ಟೂ ದಪ್ಪ. ನಮ್ಮ ಎಂಟು 4 ಮಿಲಿಮೀಟರಾದರೆ ಅವರ ಎಂಟು 5 ಮಿಲಿಮೀಟರು. ಅವರು ನಾಲ್ಕು ಅಂಗುಲಕ್ಕೆ 18 ಕುಣಿಕೆ ಎಣಿಸಿದಲ್ಲಿ ನನ್ನ ಕೈಯಲ್ಲಿ 22 ಬಿದ್ದಿದ್ದವು. ಮೊದಲೇ ಅಂಗೈಯಗಲದ ಮಾದರಿ ತುಂಡು ಹೆಣೆದು ಅಳೆದಿದ್ದರೆ ಒಂದೇ ಸಂಜೆಯಲ್ಲಿ ತಿಳಿಯುತ್ತಿತ್ತು. ಸ್ವೆಟರು ಕಿರಿಯ ಮಗಳ ಪಾಲಾಯಿತು. ಮಗ ಬಹಳ ದಿನ ಮುಖ ಊದಿಸಿಕೊಂಡಿದ್ದ.

ಆದುದರಿಂದ ಸೋದರಿಯರೇ, ಪುಸ್ತಕ ಕೈಗೆತ್ತಿಕೊಂಡಾಗ ಚಿತ್ರ ನೋಡುವ ಮೊದಲು ಅದು ಎಲ್ಲಿ ಅಚ್ಚಾಯಿತೆಂದು ನೋಡಿರಿ. ಕಡ್ಡಿಯ ಅಳತೆ ಮಿಲಿಮೀಟರಿನಲ್ಲಿದ್ದರೆ ಒಳ್ಳೆಯದು. ಬ್ರಿಟಿಷರು ಟೆನ್ಷನ್ ಎಂದರೆ ಅಮೆರಿಕದವರು ಗೇಜ್ ಎನ್ನುತ್ತಾರೆ. ಕಾಸ್ಟ್ ಆಫ್ ಅಲ್ಲಿ ಬೈಂಡ್ ಆಫ್ ಆಗುತ್ತದೆ. ಬಳಿಕ ಪುಸ್ತಕದ ಕೊನೆಯ ಪದಸೂಚಿ ತೆರೆದು, ಜಾರಿದ ಕುಣಿಕೆಯನ್ನು ಎತ್ತುವ ಕ್ರಮ ಇದೆಯೇ ಎಂದು ಹುಡುಕಿರಿ. ಇಲ್ಲದಿದ್ದರೆ ಅದು ಬರಿಯ ಆಲ್ಬಮ್ಮು. ಇನ್ನೊಂದು ಮಾತು: ಮೇಜಿನ ಮೇಲೆ ತೆರೆದಿಟ್ಟರೆ ಮುಚ್ಚಿಕೊಳ್ಳದಂತಿರಬೇಕು, ಎರಡು ಕೈಯೂ ಕಡ್ಡಿಯಲ್ಲಿರುತ್ತದಲ್ಲ!

ನನ್ನ ಕಪಾಟಿನಲ್ಲಿ ಈಗ ಉಳಿದಿರುವುದು ಮೂರೇ. ಮೇರಿ ಥಾಮಸ್ ಎಂಬಾಕೆಯ ನಿಟ್ಟಿಂಗ್ ಬುಕ್ ಇಂಗ್ಲೆಂಡಿನಲ್ಲಿ 1938ರಲ್ಲಿ ಬಂದದ್ದು, ಆಮೇಲೆ ಮರುಮುದ್ರಣ ಕಂಡಿದೆ. ನೂಲು ಯಾವ ಕಡೆಯಿಂದ ಹೋಗಿ ಎಲ್ಲಿ ಹೊರಬರುತ್ತದೆಂದು ರೇಖಾಚಿತ್ರದಲ್ಲಿ ತೋರಿಸುವುದು ಅದರ ಹಿರಿಮೆ. ಒಂದೇ ಪುಸ್ತಕಕ್ಕೆ ಹಣವಿದ್ದರೆ ಇದನ್ನೇ ಕೊಳ್ಳಿರಿ. ಎರಡನೆಯದು ಎಲಿಜಬೆತ್ ಜಿಮ್ಮರ್‌ಮನ್‌ರ ನಿಟ್ಟಿಂಗ್ ವಿದೌಟ್ ಟಿಯರ್ಸ್, 1971ರದು. ಎದೆಯ ಸುತ್ತಿನ ಕುಣಿಕೆ ನೂರಾದರೆ ಮಣಿಕಟ್ಟಿಗೆ 20, ತೋಳಿನ ಮೇಲ್ಭಾಗಕ್ಕೆ 33 ಎಂದು ಆಕೆ ಲೆಕ್ಕ ಕಟ್ಟುತ್ತಾರೆ. ಸುತ್ತಿಗೆ 200 ಹಾಕಿದರೆ ಮಣಿಕಟ್ಟಿಗೆ 40, ತೋಳಿಗೆ 66. ಯಾವ ನೂಲಾದರೂ, ಯಾರ ಮೈಯಾದರೂ ಲೆಕ್ಕ ಅದೇ. ನನ್ನ ಮಗನ ಸ್ವೆಟರು ಕೊನೆಗೂ ಆದದ್ದು ಇದರಿಂದ. ಮೂರನೆಯದು 1968ರಲ್ಲಿ ಬಂದ ಬಾರ್ಬರಾ ವಾಕರ್‌ರ ಟ್ರೆಷರಿ: ಐನೂರಕ್ಕೂ ಮಿಕ್ಕ ವಿನ್ಯಾಸಗಳು, ಉಡುಪು ಒಂದೂ ಇಲ್ಲ. ಕೈ ಪಳಗುವವರೆಗೆ ಇದು ಬೇಡ.

ಅದೇ ಲೇಖಕಿಯ 1972ರ ಪುಸ್ತಕ ಚೌಕದ ನಕ್ಷೆಗಳಲ್ಲಿದೆ. ಹಾಗೆ ಹಿಂದೆ ಮುಂದೆ ಹೆಣೆಯುವಾಗ ಮುಂಬದಿಯ ಸಾಲನ್ನು ಬಲದಿಂದ ಎಡಕ್ಕೆ, ಹಿಂಬದಿಯದನ್ನು ಎಡದಿಂದ ಬಲಕ್ಕೆ ಓದಬೇಕು. ಎಳೆ ಎಣಿಸಿ ಕಸೂತಿ ಹಾಕಿದವರಿಗೆ ಇದು ಕಷ್ಟವೆನಿಸದು. ಜೂನ್ ಹಯಾಟ್‌ರ ಪ್ರಿನ್ಸಿಪಲ್ಸ್ ಆಫ್ ನಿಟ್ಟಿಂಗ್ ಇಟ್ಟಿಗೆಯಷ್ಟು ತೂಕದ್ದು. ಗ್ರಂಥಾಲಯದಲ್ಲಿ ಸಿಕ್ಕರೆ ತಂದು ಓದಬಹುದು.

ನಾಲ್ಕನೆಯದೊಂದಿದೆ, ಇನ್ನೂರು ಪುಟದ ನೋಟ್‌ಬುಕ್ಕು. ಒಂದೊಂದು ಸ್ವೆಟರಿಗೆ ಒಂದೊಂದು ಪುಟ: ಕಡ್ಡಿ, ಕುಣಿಕೆ, ಅಂಟಿಸಿದ ನೂಲಿನ ತುಣುಕು. ಬೀಜಿ ತೋರಿಸಿದ್ದರಲ್ಲಿ ನೆನಪಾದುದನ್ನೆಲ್ಲ ಅದರಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಎರಡೇ ಕಡ್ಡಿಯಲ್ಲಿ ಕಾಲುಚೀಲದ ಹಿಮ್ಮಡಿ ತಿರುಗಿಸುವ ಅವರ ಬಗೆಯ ಪುಟ ಮಾತ್ರ ಅರ್ಧಕ್ಕೆ ನಿಂತಿದೆ. ಬಲ್ಲ ಸೋದರಿಯರು ಯಾರಾದರೂ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿದರೆ ಉಪಕಾರವಾದೀತು.