ಡ್ರೋನ್ ಛಾಯಾಚಿತ್ರಮಾಪನದಲ್ಲಿ ಕ್ಯಾಮೆರಾದ ಸ್ಥಾನ-ದಿಶಾನಿರ್ಣಯ

ಛಾಯಾಚಿತ್ರಗಳನ್ನು ಆಧರಿಸಿ ನೆಲವನ್ನಳೆಯುವ ವಿದ್ಯೆಗೆ ಛಾಯಾಚಿತ್ರಮಾಪನವೆಂದು ಹೆಸರು. 2020ನೆಯ ಇಸವಿ ಏಪ್ರಿಲ್ 24ರಂದು ಪ್ರಾರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಭಾರತೀಯ ಸರ್ವೇಕ್ಷಣ ಇಲಾಖೆಯು ಗ್ರಾಮಗಳ ವಾಸಸ್ಥಳಗಳನ್ನು ಡ್ರೋನುಗಳಿಂದ ಅಳೆಯುವ ಕಾರ್ಯವನ್ನು ಕೈಕೊಂಡಿತು; ಮೊದಲ ಹಂತಕ್ಕೆ ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಬ್ಬನ ಹಿತ್ತಿಲು ಎಲ್ಲಿ ಮುಗಿಯಿತು, ನೆರೆಯವನ ಗೋಡೆ ಎಲ್ಲಿ ಮೊದಲಾಯಿತು ಎಂಬ ನಿರ್ಣಯವು ಇಂತಹ ಚಿತ್ರಗಳನ್ನು ಅವಲಂಬಿಸಿರುವಲ್ಲಿ, ಚಿತ್ರವನ್ನು ತೆಗೆದ ಕ್ಷಣದಲ್ಲಿ ಕ್ಯಾಮೆರಾ ಎಲ್ಲಿದ್ದಿತು, ಯಾವ ಕಡೆಗೆ ಮುಖಮಾಡಿದ್ದಿತು ಎಂಬುದು ಅಲ್ಪವಿಷಯವಲ್ಲ.

ಪ್ರತಿಯೊಂದು ಚಿತ್ರಕ್ಕೂ ತಿಳಿಯಬೇಕಾದ ರಾಶಿಗಳು ಆರು. ಪೂರ್ವಾಪರ, ದಕ್ಷಿಣೋತ್ತರ, ಔನ್ನತ್ಯ ಎಂಬ ಮೂರು ಸ್ಥಾನಕ್ಕೆ ಸೇರಿದುವು; ಪಕ್ಕಕ್ಕೆ ಓರೆಯಾಗುವುದು, ಮುಂದಕ್ಕೆ ಬಾಗುವುದು, ಲಂಬಾಕ್ಷದ ಸುತ್ತ ತಿರುಗುವುದು ಎಂಬ ಮೂರು ಕೋನಗಳು ದಿಶೆಗೆ ಸೇರಿದುವು. ಇವುಗಳನ್ನು ಸಾಧಿಸುವ ಮೂಲತತ್ತ್ವವು ಸರಳವಾದುದು: ನೆಲದ ಬಿಂದು, ಮಸೂರದ ಕೇಂದ್ರ, ಚಿತ್ರದಲ್ಲಿ ಮೂಡಿದ ಬಿಂದು, ಈ ಮೂರೂ ಒಂದೇ ಸರಳರೇಖೆಯಲ್ಲಿರುತ್ತವೆ. ಭಾಸ್ಕರಾಚಾರ್ಯನ ಲೀಲಾವತಿಯ ಛಾಯಾವ್ಯವಹಾರವನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಅಲ್ಲಿ ದೀಪ, ಶಂಕುವಿನ ತುದಿ, ನೆರಳಿನ ತುದಿ ಇವುಗಳ ಸಂಬಂಧವೂ ಇಂತಹುದೇ.

ಡ್ರೋನಿನಲ್ಲಿಯೇ ಉಪಗ್ರಹಸಂಕೇತಗಳ ಗ್ರಾಹಕವೂ ಓಲಾಟವನ್ನು ಗುರುತಿಸುವ ಉಪಕರಣವೂ ಇರುವುದರಿಂದ ಈ ಆರನ್ನೂ ನೇರವಾಗಿ ಓದಿಕೊಳ್ಳಬಹುದಲ್ಲವೇ ಎಂದು ಶಂಕೆಯುಂಟಾಗಬಹುದು. ಆದರೆ ಸಾಧಾರಣ ಗ್ರಾಹಕದಲ್ಲಿ ಕೆಲವು ಮೀಟರುಗಳ ದೋಷವಿರುವುದುಂಟು. ನೆಲದ ಮೇಲಿನ ಸ್ಥಿರಕೇಂದ್ರದ ನೆರವಿನಿಂದ ತಿದ್ದಿದರೆ ಅದು ಕೆಲವು ಸೆಂಟಿಮೀಟರುಗಳಿಗೆ ಇಳಿಯುತ್ತದೆ. ಆಗಲೂ ಗ್ರಾಹಕದ ಆಂಟೆನಾಕ್ಕೂ ಮಸೂರಕ್ಕೂ ನಡುವಣ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಕೋನದ ವಿಷಯವು ಇನ್ನೂ ಸೂಕ್ಷ್ಮವಾದುದು. 100 ಮೀಟರು ಎತ್ತರದಿಂದ ನೇರ ಕೆಳಕ್ಕೆ ನೋಡುವಾಗ ಓರೆಯಲ್ಲಿ ಒಂದು ಅಂಶದ ಹತ್ತನೆಯ ಒಂದು ಭಾಗ ತಪ್ಪಿದರೂ ನೆಲದ ಬಿಂದುವು ಸುಮಾರು 17 ಸೆಂಟಿಮೀಟರು ಸರಿಯುತ್ತದೆ.

ಆದುದರಿಂದ ಚಿತ್ರಗಳನ್ನೇ ಪ್ರಮಾಣವಾಗಿ ಹಿಡಿಯಬೇಕಾಗುತ್ತದೆ. ಇಲ್ಲಿ ಅನ್ಯೋನ್ಯಾಶ್ರಯದೋಷವು ತಲೆದೋರುವಂತೆ ಕಾಣುತ್ತದೆ. ನೆಲದ ಬಿಂದುಗಳು ತಿಳಿಯದೆ ಕ್ಯಾಮೆರಾದ ಸ್ಥಾನವು ತಿಳಿಯದು. ಕ್ಯಾಮೆರಾದ ಸ್ಥಾನವು ತಿಳಿಯದೆ ನೆಲದ ಬಿಂದುಗಳು ತಿಳಿಯವು. ಇದಕ್ಕೆ ಪರಿಹಾರವೆಂದರೆ ಎರಡನ್ನೂ ಏಕಕಾಲದಲ್ಲಿ ಸಾಧಿಸುವುದು. ಒಂದೇ ಬಿಂದುವು ಹಲವು ಚಿತ್ರಗಳಲ್ಲಿ ಬೀಳುವಂತೆ ಚಿತ್ರಗಳನ್ನು ಒಂದರ ಮೇಲೊಂದು ಬಹುಭಾಗ ಆವರಿಸುವಂತೆ ತೆಗೆದಿರುತ್ತಾರೆ. ನೂರು ಚಿತ್ರಗಳಿಗೆ ಅಜ್ಞಾತರಾಶಿಗಳು 600. ಹತ್ತು ಸಾವಿರ ಬಿಂದುಗಳಿಗೆ 30,000. ಪ್ರತಿಯೊಂದು ಬಿಂದುವೂ ನಾಲ್ಕು ಚಿತ್ರಗಳಲ್ಲಿ ಕಂಡರೆ, ಒಂದೊಂದು ದರ್ಶನಕ್ಕೆ ಎರಡರಂತೆ 80,000 ಸಮೀಕರಣಗಳು ದೊರೆಯುತ್ತವೆ. ಅಜ್ಞಾತಗಳಿಗಿಂತ ಸಮೀಕರಣಗಳು ಹೆಚ್ಚಾಗಿರುವುದರಿಂದ, ಶೇಷದೋಷಗಳ ವರ್ಗಗಳ ಮೊತ್ತವು ಕನಿಷ್ಠವಾಗುವ ಉತ್ತರವನ್ನು ಗಣಕಯಂತ್ರವು ಪುನಃಪುನಃ ತಿದ್ದಿ ಸಾಧಿಸುತ್ತದೆ. ಹಲವು ಓಲೆಪ್ರತಿಗಳನ್ನು ಪರಸ್ಪರ ಹೋಲಿಸಿ ಪಾಠವನ್ನು ನಿರ್ಣಯಿಸುವ ಕ್ರಮಕ್ಕೆ ಇದನ್ನು ಹೋಲಿಸಬಹುದು.

ಆದರೆ ಪರಸ್ಪರಸಾಮ್ಯವೊಂದೇ ಸತ್ಯವಲ್ಲ. ಚಿತ್ರಗಳು ತಮ್ಮತಮ್ಮೊಳಗೆ ಹೊಂದಿಕೊಂಡರೂ ಸಮಗ್ರರಚನೆಯು ಭೂಮಿಯ ಮೇಲೆ ಎಲ್ಲಿದೆ, ಯಾವ ಕಡೆಗೆ ತಿರುಗಿದೆ, ಎಷ್ಟು ದೊಡ್ಡದು ಎಂಬುದು ಅವುಗಳಿಂದ ತಿಳಿಯದು. ಇದನ್ನು ಉಪಗ್ರಹಗಳಿಂದ ತಿಳಿದ ಕ್ಯಾಮೆರಾಸ್ಥಾನಗಳಾಗಲಿ, ನೆಲದ ಮೇಲೆ ಗುರುತಿಟ್ಟು ಮೊದಲೇ ಅಳೆದ ನಿಯಂತ್ರಣಬಿಂದುಗಳಾಗಲಿ ಒದಗಿಸಬೇಕು. ಮತ್ತೊಂದು ಅಪಾಯವೂ ಉಂಟು: ಎಲ್ಲ ಚಿತ್ರಗಳನ್ನೂ ನೇರ ಕೆಳಮುಖವಾಗಿಯೇ ತೆಗೆದು, ಮಸೂರದ ವಕ್ರತಾದೋಷವನ್ನು ಸರಿಯಾಗಿ ಗಣಿಸದಿದ್ದರೆ, ಸಮತಲವಾದ ಬಯಲು ಗುಮ್ಮಟದಂತೆ ಉಬ್ಬಿ ತೋರುವುದುಂಟು. ಅಲ್ಲಲ್ಲಿ ಓರೆಯಾಗಿ ತೆಗೆದ ಚಿತ್ರಗಳು ಈ ದೋಷವನ್ನು ತಗ್ಗಿಸುತ್ತವೆ.

ಈ ಕಾರಣದಿಂದಲೇ ಅಳೆದ ಬಿಂದುಗಳಲ್ಲಿ ಕೆಲವನ್ನು ಗಣನೆಗೆ ಸೇರಿಸದೆ ಪ್ರತ್ಯೇಕವಾಗಿಡುತ್ತಾರೆ. ಸಿದ್ಧವಾದ ಫಲವನ್ನು ಇವುಗಳೊಡನೆ ಒರೆಹಚ್ಚಿದಾಗ ಉಳಿಯುವ ಅಂತರವೇ ನಿಜವಾದ ದೋಷಪ್ರಮಾಣವು. ಗಣನೆಯಲ್ಲಿ ಸೇರಿದ ಬಿಂದುವು ಅದೇ ಗಣನೆಗೆ ಸಾಕ್ಷಿಯಾಗಲಾರದು. ಹಿತ್ತಿಲಿನ ಮೇರೆಯನ್ನು ಗೊತ್ತುಮಾಡುವವರು ಕೇಳಬೇಕಾದುದು ಈ ಹೊರಗಿನ ಸಾಕ್ಷಿಯನ್ನೇ.