ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗರು

ಹಸು ಒಂದು ಹೋರಿ, ಒಂದು ಹೆಣ್ಣು ಹಾಕಿತೆಂದರೆ ಮನೆಯವರ ಲೆಕ್ಕಾಚಾರವೆಲ್ಲ ಹೆಣ್ಣುಗರುವಿನ ಮೇಲೆಯೇ. ಹೋರಿಯನ್ನು ಮಾರಿದರಾಯಿತು, ಹೆಣ್ಣನ್ನು ಸಾಕಿದರೆ ನಾಳೆ ಹಾಲು. ಎರಡು ವರ್ಷ ಹಿಂಡಿ, ಬೂಸಾ, ಹಸಿಮೇವು ತಿಂದು ಮೈತುಂಬಿಕೊಂಡ ಪಡ್ಡೆ ಬೆದೆಗೇ ಬರುವುದಿಲ್ಲ. ಆಗ ಒಬ್ಬೊಬ್ಬರದು ಒಂದೊಂದು ಮಾತು. ದೃಷ್ಟಿಯಾಗಿದೆ ಎನ್ನುತ್ತಾರೆ, ಕೊಬ್ಬು ಏರಿದೆ ಎನ್ನುತ್ತಾರೆ, ತಾಯಿಯ ವಂಶವೇ ಗೊಡ್ಡು ಎನ್ನುತ್ತಾರೆ. ಖನಿಜ ಮಿಶ್ರಣ, ಮೊಳಕೆ ಕಾಳು, ಹಾರ್ಮೋನ್ ಸೂಜಿ ಎಲ್ಲಕ್ಕೂ ದುಡ್ಡು ಹೋಗುತ್ತದೆ. ಹೋರಿಯ ಜೊತೆ ಹುಟ್ಟಿದ ಹೆಣ್ಣುಗರುಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಹುಟ್ಟಿನಿಂದಲೇ ಗೊಡ್ಡು. ಯಾವ ಸೂಜಿಯೂ ಅದನ್ನು ಸರಿಮಾಡಲಾರದು.

ವಂಶದ ಮಾತನ್ನೇ ಮೊದಲು ನೋಡೋಣ, ಏಕೆಂದರೆ ಅದನ್ನು ನಂಬಿ ಒಳ್ಳೆಯ ತಾಯಿ ಹಸುವನ್ನೇ ಮಾರಿಬಿಡುವವರಿದ್ದಾರೆ. ದನದ ಜೀವಕೋಶದಲ್ಲಿ 60 ವರ್ಣತಂತುಗಳು, ಅಂದರೆ ಕ್ರೋಮೋಸೋಮ್‌ಗಳು ಇರುತ್ತವೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ನಮ್ಮ ಈ ಹೆಣ್ಣುಗರು ಗರ್ಭ ಕಟ್ಟಿದಾಗ ಎಲ್ಲ ಹೆಣ್ಣುಗಳಂತೆ ಎರಡು ಎಕ್ಸ್ ಇಟ್ಟುಕೊಂಡೇ ಬಂದದ್ದು. ಕೆಟ್ಟದ್ದು ಆಮೇಲೆ, ಹೊಟ್ಟೆಯೊಳಗೆ. ಗಬ್ಬದ 30–40ನೇ ದಿನದ ಹೊತ್ತಿಗೆ ಎರಡೂ ಕರುಗಳ ಮಾಸಿನ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡು, ಒಂದರ ರಕ್ತ ಇನ್ನೊಂದಕ್ಕೆ ಹರಿಯತೊಡಗುತ್ತದೆ. ಹೋರಿಯ ವೃಷಣ ಬೇಗ ರೂಪುಗೊಳ್ಳುತ್ತದೆ. ಅದರಿಂದ ಬರುವ ಹಾರ್ಮೋನುಗಳು ಹೆಣ್ಣಿನ ಗರ್ಭಕೋಶ ಬೆಳೆಯದಂತೆ ತಡೆದು ಅಂಡಾಶಯವನ್ನೂ ಕೆಡಿಸುತ್ತವೆ. ಹಾಗಾಗಿ ದೋಷ ತಾಯಿಯದಲ್ಲ, ಸೆಮೆನ್ ಕೊಟ್ಟ ಹೋರಿಯದೂ ಅಲ್ಲ. ಅದೇ ಹಸು ಮುಂದಿನ ಸಲ ಒಂಟಿ ಹೆಣ್ಣುಗರು ಹಾಕಿದರೆ ಅದಕ್ಕೆ ಈ ತೊಂದರೆ ಸಾಮಾನ್ಯವಾಗಿ ಅಂಟುವುದಿಲ್ಲ.

ರಕ್ತದ ಜೊತೆ ರಕ್ತ ಹುಟ್ಟಿಸುವ ಕೋಶಗಳೂ ಅದಲುಬದಲಾಗಿ ಮೂಳೆಮಜ್ಜೆಯಲ್ಲಿ ನೆಲೆಸುತ್ತವೆ. ಹೆಣ್ಣುಗರುವಿನ ರಕ್ತದಲ್ಲಿ ಹೋರಿಯ ವೈ ಇರುವ ಕೋಶಗಳು ಬದುಕಿನುದ್ದಕ್ಕೂ ಉಳಿಯುವುದು ಹೀಗೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಿಜ್ಞಾನಿ ರೇ ಓವನ್ ಅವಳಿ ದನಗಳಲ್ಲಿ ಈ ರಕ್ತದ ಬೆರಕೆಯನ್ನು ಗುರುತಿಸಿ 1945ರಲ್ಲಿ ಪ್ರಕಟಿಸಿದರು. ಪರರ ಅಂಗವನ್ನು ದೇಹ ಯಾವಾಗ ಒಪ್ಪುತ್ತದೆ ಎಂಬ ಸಂಶೋಧನೆಗೆ ದಾರಿ ತೋರಿದ್ದು ಅದೇ. 1960ರ ನೊಬೆಲ್ ಮಾತ್ರ ಆ ದಾರಿಯಲ್ಲಿ ಮುಂದೆ ಹೋದ ಬರ್ನೆಟ್ ಮತ್ತು ಮೆಡಾವರ್ ಅವರಿಗೆ ಸಿಕ್ಕಿತು. ಓವನ್‌ಗೂ ಪಾಲು ಸಲ್ಲಬೇಕಿತ್ತು ಎಂಬುದು ನನ್ನ ಅನಿಸಿಕೆ.

“ಮೇಕೆಯೂ ಅವಳಿ ಹಾಕುತ್ತದಲ್ಲ, ಅದರ ಹೆಣ್ಣುಮರಿ ಗಬ್ಬವಾಗುವುದಿಲ್ಲವೇ?” ಆಗುತ್ತದೆ. ಕುರಿ, ಮೇಕೆಗಳಲ್ಲಿ ರಕ್ತನಾಳಗಳು ಹೀಗೆ ಕೂಡಿಕೊಳ್ಳುವುದು ಅಪರೂಪ. ಮನುಷ್ಯರಲ್ಲೂ ಅಷ್ಟೆ. ತಮ್ಮನ ಜೊತೆ ಹುಟ್ಟಿದ ಹುಡುಗಿಗೆ ಮಕ್ಕಳಾಗುವುದಿಲ್ಲ ಎಂದು ಕೊಟ್ಟಿಗೆಯ ಮಾತನ್ನು ಮನೆಯೊಳಕ್ಕೆ ತರುವವರು ಸುಮ್ಮನಿರುವುದು ಒಳ್ಳೆಯದು. ದನದಲ್ಲೇ ಎರಡೂ ಹೆಣ್ಣಾದರೆ ಚಿಂತೆಯಿಲ್ಲ. ಹೆಣ್ಣಿನ ಜೊತೆ ಹುಟ್ಟಿದ ಹೋರಿಯನ್ನು ಮಾತ್ರ ತಳಿಗೆ ಇಟ್ಟುಕೊಳ್ಳಬೇಡಿ, ಅದರ ಫಲವತ್ತತೆಯೂ ಕುಂದಿರಬಹುದು.

ಇನ್ನೊಂದು ತುದಿಯ ತಪ್ಪೂ ಇದೆ. ಗಬ್ಬ ನಿಲ್ಲದ ಹಸುವಿಗೆಲ್ಲ “ಜೀನ್ ದೋಷ” ಎಂದು ಹಣೆಪಟ್ಟಿ ಹಚ್ಚುವುದು. ಬೆದೆ ಗುರುತಿಸುವಲ್ಲಿ ತಪ್ಪು, ಮೇವಿನ ಕೊರತೆ, ಗರ್ಭಕೋಶದ ಸೋಂಕು ಇವೇ ಹೆಚ್ಚಿನ ಸಲ ಕಾರಣ. ಹಾಗೆಂದು ನೋಡಲು ಚೆನ್ನಾಗಿರುವ ದನದಲ್ಲೆಲ್ಲ ವರ್ಣತಂತು ಸರಿಯಿರುತ್ತದೆ ಎಂದೂ ಅಲ್ಲ. 1964ರಲ್ಲಿ ಸ್ವೀಡನ್ನಿನ ಕೆಂಪು-ಬಿಳಿ ದನಗಳಲ್ಲಿ 1 ಮತ್ತು 29ನೇ ವರ್ಣತಂತುಗಳು ಒಂದಕ್ಕೊಂದು ಅಂಟಿಕೊಂಡಿರುವುದನ್ನು ಇಂಗೆಮಾರ್ ಗುಸ್ತಾವ್‌ಸನ್ ಕಂಡರು. ಅಂಥ ದನದಲ್ಲಿ ಎಣಿಕೆ 59. ಮೈಕಟ್ಟು, ಹಾಲು, ಬೆದೆ ಯಾವುದರಲ್ಲೂ ಕೊರತೆ ಕಾಣದು. ಕೆಲವು ಭ್ರೂಣಗಳು ಮಾತ್ರ ಆರಂಭದಲ್ಲೇ ಸತ್ತು, ಹಸು ಮತ್ತೆ ಬೆದೆಗೆ ಬರುತ್ತದೆ. ಇದು ವಂಶದಲ್ಲಿ ಹರಿಯುವ ದೋಷ. ಒಂದು ಹೋರಿಯ ಸೆಮೆನ್ ಸಾವಿರಾರು ಕೊಟ್ಟಿಗೆ ತಲುಪುವುದರಿಂದಲೇ ನಮ್ಮ ವೀರ್ಯ ಕೇಂದ್ರಗಳ ಮಾನದಂಡದಲ್ಲಿ ಹೋರಿಗಳ ವರ್ಣತಂತು ಪರೀಕ್ಷೆಯೂ ಸೇರಿದೆ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ “ಸೂಜಿ ಕರುವೇ ಗೊಡ್ಡು” ಎನ್ನುವವರು ಇದನ್ನು ಗಮನಿಸಬೇಕು. ಊರ ಹೋರಿಗೆ ಆ ಪರೀಕ್ಷೆ ಮಾಡಿದವರು ಯಾರು?

ಅವಳಿ ಹೆಣ್ಣುಗರುವನ್ನು ತಿಂಗಳೊಳಗೇ ಪಶುವೈದ್ಯರಿಗೆ ತೋರಿಸಬಹುದು. ಮೊಂಡು ತುದಿಯ ಕಡ್ಡಿಯಿಂದ ಯೋನಿಯ ಆಳ ಅಳೆಯುತ್ತಾರೆ: ಸರಿಯಾದ ಕರುವಿನಲ್ಲಿ ಸುಮಾರು 12ರಿಂದ 15 ಸೆಂ.ಮೀ., ಗೊಡ್ಡು ಕರುವಿನಲ್ಲಿ 5ರಿಂದ 8. ಸಂಶಯ ಉಳಿದರೆ ರಕ್ತದಲ್ಲಿ ವೈ ಹುಡುಕುವ ಪರೀಕ್ಷೆಯಿದೆ. ಜೊತೆಯ ಹೋರಿ ಹೊಟ್ಟೆಯಲ್ಲೇ ಬೇಗ ಸತ್ತು ಕರಗಿದ್ದರೆ ಒಂಟಿಯಾಗಿ ಹುಟ್ಟಿದ ಹೆಣ್ಣುಗರುವೂ ಹೀಗಿರಬಹುದು. ಸಂತೆಯಲ್ಲಿ ಕೊಂಡ ಪಡ್ಡೆಯದಂತೂ ಹುಟ್ಟಿನ ಕತೆ ಯಾರೂ ಹೇಳಿರುವುದಿಲ್ಲ. ವಯಸ್ಸು ಮೀರಿದರೂ ಬೆದೆ ಕಾಣದಿದ್ದರೆ ಇನ್ನೊಂದು ಹಾರ್ಮೋನ್ ಸೂಜಿಗೆ ಮೊದಲು ವೈದ್ಯರಿಂದ ಗರ್ಭಕೋಶ ಮುಟ್ಟಿಸಿ ನೋಡಿಸಿ.